ದೊಡ್ಡಪ್ಪ ಹೊಸದು ಮಾಡಿಸಿದ ಹಳೇ ಕಾರು

ಹೋದ ವಾರ ರಾಜಾಜಿನಗರದ ಮಾಲ್‌ನಲ್ಲಿ ಒಂದು ಸೆಂಟ್ ಬಾಟಲಿ ನೋಡಿ ನಂಗೆ ತಲೆ ಕೆಟ್ಟೋಯ್ತು. ನಾನೇನು ಸೆಂಟ್ ತಗೊಳ್ಳೋಕೆ ಹೋಗಿರ್ಲಿಲ್ಲ. ಮೆಟ್ರೋ ಇಳಿದು, ಎಸಿಯಲ್ಲಿ ಸ್ವಲ್ಪ ಹೊತ್ತು ನಿಂತು ಬೆವರು ಆರಿಸ್ಕೊಂಡು, ಏನೂ ತಗೊಳ್ದೆ ಆಚೆ ಬರೋ ಗಿರಾಕಿ ನಾನು. ಅಲ್ಲಿ ಗಾಜಿನ ಕಪಾಟಲ್ಲಿ ಒಂದು ಕಪ್ಪು ಬಾಟಲಿ, ಅದರ ಮೇಲೆ ಬೆಳ್ಳಿ ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಕೊಂಡು ನಿಂತಿತ್ತು. ಕೆಳಗಡೆ ‘ಆಲ್ಡರ್ಟನ್’ ಅಂತ ಹೆಸರು.

"ಇದು ಕಾರ್ ಕಂಪನಿ ಅಲ್ವಾ ಮೇಡಂ?" ಅಂತ ಕೌಂಟರಲ್ಲಿದ್ದ ಹುಡುಗೀನ ಕೇಳಿದೆ.

"ಇಲ್ಲ ಸರ್, ಲೈಫ್‌ಸ್ಟೈಲ್ ಬ್ರ್ಯಾಂಡು. ಹೆರಿಟೇಜ್ ಸರ್. ಕೈ ಕೊಡಿ" ಅಂದವಳೇ ಮಣಿಕಟ್ಟಿಗೆ ಪುಸ್ ಅನ್ನಿಸಿದ್ಲು. "ಓಲ್ಡ್ ಲೆದರ್ ಸರ್. ಫೀಲ್ ಆಗ್ತಿದೆಯಾ?"

ಫೀಲ್ ಆಯ್ತು, ಆದ್ರೆ ಅವಳು ಅಂದ್ಕೊಂಡ ಹಾಗಲ್ಲ. ನಂಗೆ ಗೊತ್ತಿರೋ ಆಲ್ಡರ್ಟನ್ ವಾಸನೆ ಬೇರೆ. ಅದರಲ್ಲೂ ಲೆದರ್ ಇತ್ತು, ಸುಳ್ಳು ಹೇಳಲ್ಲ. ಜೊತೆಗೆ ಹುರುಳಿ ಹೊಟ್ಟು, ಇಲಿ ಪಿಕ್ಕೆ, ಕೋಳಿ ಪುಕ್ಕ, ಒಣಗಿದ ಗ್ರೀಸು, ಇಷ್ಟೂ ಇತ್ತು. ಇದನ್ನೆಲ್ಲ ಬಾಟಲಿಗೆ ತುಂಬಿದ್ರೆ ನಮ್ಮಜ್ಜಿ ಬಿಟ್ರೆ ಯಾರೂ ಹಚ್ಕೊಳಲ್ಲ.

ಬೆಂಗಳೂರಿನದೇ ಉಲ್ಲಾಳದಲ್ಲಿ ನಮ್ ದೊಡ್ಡಪ್ಪನ ಮನೆ ಹಿಂದೆ ಒಂದು ಶೆಡ್ಡಿತ್ತು. ಅದರೊಳಗೆ ನಾನು ಹುಟ್ಟೋಕೂ ಮುಂಚಿಂದ ಒಂದು ಆಲ್ಡರ್ಟನ್ ಟೂರರ್ ನಿಂತಿತ್ತು. ಟೂರರ್ ಅಂದ್ರೆ ಮೇಲೆ ತಗಡಿನ ಟಾಪ್ ಇರಲ್ಲ ಕಣ್ರೀ, ದಪ್ಪ ಬಟ್ಟೆದು, ಛತ್ರಿ ಥರ ಹಿಂದಕ್ಕೆ ಮಡಚಬಹುದು. ಊಟಿಗೋ ಎಲ್ಲಿಗೋ ದೂರ ಹೋಗೋ ದೊಡ್ಡ ಮನುಷ್ಯರು ಗಾಳಿ ತಗೊಂಡು ಹೋಗ್ಲಿ ಅಂತ ಮಾಡಿದ್ದು. ಬಾನೆಟ್ಟೇ ನಮ್ ವಿಜಯನಗರದ ಮನೆ ಹಾಲಿನಷ್ಟು ಉದ್ದ, ಅದರ ತುದೀಲಿ ಅದೇ ಕೊಕ್ಕರೆ. ಬಾಗಿಲ ಪಕ್ಕ ಹೂವಿಡೋಕೆ ಗಾಜಿನ ಪುಟ್ಟ ಹೂದಾನಿ. ಯೋಚ್ನೆ ಮಾಡಿ, ಕಾರಲ್ಲಿ ಹೂದಾನಿ. ಅದರಲ್ಲಿ ದೊಡ್ಡಮ್ಮ ಹಸುವಿಗೆ ಹಾಕೋ ಇಂಜೆಕ್ಷನ್ ಸೂಜಿ ಇಡ್ತಿದ್ರು.

ರಜಾ ಬಂದ್ರೆ ನಾವು ಮೊಮ್ಮಕ್ಕಳೆಲ್ಲ ಅದೇ ಕಾರಲ್ಲಿ. ದೊಡ್ಡಪ್ಪನ ಮಗಳು ಕಾವ್ಯಕ್ಕ ಡ್ರೈವರ್, ನಾನು ಫುಟ್‌ಬೋರ್ಡ್ ಮೇಲೆ ನಿಂತು ಕಂಡಕ್ಟರ್. "ಮೂಡಲಪಾಳ್ಯ, ವಿಜಯನಗರ, ಮಾರ್ಕೆಟ್, ಬನ್ನಿ ಬನ್ನಿ, ಮುಂದೆ ಹೋಗ್ರೀ ಆಂಟಿ." ಆಂಟಿ ಅಂದ್ರೆ ಹಿಂದಿನ ಸೀಟಲ್ಲಿ ಕಾವು ಕೂತಿರೋ ಕೋಳಿ. ಅದು ಎಷ್ಟು ಬೈದ್ರೂ ಮುಂದೆ ಹೋಗ್ತಿರ್ಲಿಲ್ಲ. ಲೋಕದಲ್ಲಿ ಅತ್ಯಂತ ಐಷಾರಾಮಿ ಕಾರನ್ನ ಸಿಟಿ ಬಸ್ ಮಾಡಿ ಆಡಿದ ಮಕ್ಕಳು ನಾವು. ಬಸ್ಸಿಗಿಂತ ದೊಡ್ಡದು ಯಾವುದನ್ನೂ ನಾವು ನೋಡಿರ್ಲಿಲ್ಲ, ಏನ್ ಮಾಡೋದು.

ಆ ಕಾರು ನಮ್ಮನೆಗೆ ಬಂದ ಕಥೆ ಹೇಳ್ಬೇಕು. ಹೇಳಿದ್ರೆ ನಮ್ ವಂಶಕ್ಕೇ ಹೊಟ್ಟೆ ಉರಿಯುತ್ತೆ.

ನಮ್ ತಾತಂಗೆ ಶ್ರೀಗಂಧದ ಕಾವಲ್ ಕಡೆ ಒಂದಷ್ಟು ಜಮೀನಿತ್ತು. ಜಮೀನು ಅನ್ನೋದು ಮರ್ಯಾದೆಗೆ, ಬರೀ ಕಲ್ಲು. ಹುರುಳಿ ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ. ರಾಜಾಜಿನಗರದಲ್ಲಿ ಫ್ಯಾಕ್ಟರಿ ಇಟ್ಕೊಂಡಿದ್ದ ಒಬ್ಬ ಸಾಹುಕಾರರು ಭಾನುವಾರ ಭಾನುವಾರ ಈ ಕಾರಲ್ಲಿ ನಮ್ಮೂರ ಕೆರೆ ಹತ್ರ ಗಾಳಿ ತಗೊಳ್ಳೋಕೆ ಬರೋರು. ತಾತ ನೇಗಿಲು ಬಿಟ್ಟು ನೋಡ್ತಾ ನಿಲ್ಲೋರಂತೆ. ಆಮೇಲೆ ಸಾಹುಕಾರರಿಗೆ ಕೋಳಿ ಫಾರಂ ಮಾಡೋ ಹುಚ್ಚು ಹಿಡೀತು, ಅದಕ್ಕೆ ಊರಾಚೆ ಜಾಗ ಬೇಕಿತ್ತು. ತಾತಂಗೆ ಕಾರು ಬೇಕಿತ್ತು. ಅದಲು ಬದಲು ಮಾಡ್ಕೊಂಡ್ರು. ಎಮ್ಮೆ ಕೊಟ್ಟು ಎತ್ತು ತಗೊಂಡ ಹಾಗೆ.

ಇವತ್ತು ಆ ಜಾಗದಲ್ಲಿ ಅಪಾರ್ಟ್‌ಮೆಂಟಿದೆ, ಮುಂದೆ ಕಾರಂಜಿ, ಸೆಕ್ಯುರಿಟಿ ಬೂತು. ನಮ್ ಮನೇಲಿ ಯಾವುದೇ ತಿಥಿ, ನಾಮಕರಣ, ಬೀಗರೂಟ ಆಗ್ಲಿ, ಯಾರಾದ್ರೂ ಒಬ್ರು ಎಲೆ ಮುಂದೆ ಕೂತ್ಕೊಂಡು "ಆ ಜಮೀನು ಒಂದ್ ಇದ್ದಿದ್ರೆ ಇವತ್ತು..." ಅಂತ ಶುರು ಮಾಡ್ತಾರೆ. ಆ ವಾಕ್ಯವನ್ನ ಯಾರೂ ಮುಗಿಸಿದ್ದು ನಾನು ಕೇಳಿಲ್ಲ. ಅಷ್ಟು ಹೇಳಿ ಅನ್ನ ಕಲಸ್ತಾರೆ. ಉಳಿದೋರು ತಲೆ ಅಲ್ಲಾಡಿಸ್ತಾರೆ.

ಎಲ್ಲರಿಗಿಂತ ಹೆಚ್ಚು ಉರ್ಕೊಂಡೋರು ದೊಡ್ಡಪ್ಪ. ಅವರಿಗೂ ಕಾರಣ ಇದೆ ಬಿಡಿ. ತಾತ ಕಾರ್ ತಂದ ಮೇಲೆ ಅದು ಒಂದಿನ ಓಡಿದ್ರೆ ನಾಲ್ಕ್ ದಿನ ನಿಲ್ತಿತ್ತು. ತಳ್ಳೋಕೆ ದೊಡ್ಡ ಮಗ. "ಬೇರೆ ಹುಡುಗ್ರು ಸ್ಕೂಲಿಗೆ ಹೋಗೋರು, ನಾನು ಕಾರ್ ಹಿಂದೆ ಹೋಗ್ತಿದ್ದೆ" ಅಂತಿದ್ರು. ಓದು ಅಲ್ಲಿಗೇ ನಿಲ್ತು, ಟೆಂಪೋ ಓಡಿಸಿದ್ರು, ಕಷ್ಟಪಟ್ಟು ಬಾಡಿಗೆ ಮನೆ ಕಟ್ಟಿದ್ರು. ಆಯುಧ ಪೂಜೆ ದಿನ ಟ್ರ್ಯಾಕ್ಟರ್, ಟೆಂಪೋ, ನಮ್ಮಪ್ಪನ ಸ್ಕೂಟರ್, ಕೊನೆಗೆ ಕಾವ್ಯಕ್ಕನ ಸೈಕಲ್ಲಿಗೂ ಚಕ್ರದಡಿ ನಿಂಬೆಹಣ್ಣು ಬೀಳ್ತಿತ್ತು. ಶೆಡ್ಡಿನ ಕಾರಿಗೆ ಮಾತ್ರ ಇಲ್ಲ. ಅಜ್ಜಿ ಒಬ್ಬಳೇ ಹೋಗಿ ಅದರ ಹಣೆಗೆ ಕುಂಕುಮ ಇಟ್ಟು, ಒಂದು ಹಿಡಿ ಸೇವಂತಿಗೆ ಹಾಕಿ ಬರೋಳು.

"ಓಡ್ದೇ ಇರೋದಕ್ಕೆ ಯಾಕಮ್ಮ ಹೂವ ದಂಡ?" ಅಂತ ದೊಡ್ಡಪ್ಪ.

"ನಿಮ್ಮಪ್ಪನೂ ಈಗ ಓಡಾಡ್ತಿಲ್ಲ. ಅವರ ಫೋಟೋಗೆ ಹಾಕಲ್ವೇನೋ?" ಅಂತ ಅಜ್ಜಿ. ಕಾರು ಗುಜರಿಗೆ ಹೋಗ್ದೆ ಉಳಿದಿದ್ದು ಹೀಗೆ.

ಇನ್ನು ನನ್ ವಿಷ್ಯ. ಓದಿದ್ದು ಬಿ.ಕಾಂ., ಕೆಲ್ಸ ಮಾಗಡಿ ರೋಡಿನ ಒಂದು ಟೈಲ್ಸ್ ಅಂಗಡೀಲಿ. ಇಂಜಿನಿಯರಿಂಗ್ ಗೊತ್ತಿಲ್ಲ, ಮೆಕ್ಯಾನಿಕ್ ಅಲ್ಲ. ಆದ್ರೆ ಒಂದಿನ ಫೋನಲ್ಲಿ ಸುಮ್ನೆ ಆ ಕೊಕ್ಕರೆ ಫೋಟೋ ಹಾಕಿ ಹುಡುಕಿದೆ ನೋಡಿ, ಅಲ್ಲಿಗೆ ನನ್ ಕಥೆ ಮುಗೀತು. ಬಸ್ಸಲ್ಲಿ ಅದೇ, ಊಟ ಮಾಡುವಾಗ ಅದೇ, ಗಿರಾಕಿಗೆ ಬಾತ್‌ರೂಂ ಟೈಲ್ಸ್ ತೋರಿಸುವಾಗ್ಲೂ ಮನಸ್ಸಲ್ಲಿ ಕಾರ್ಬೊರೇಟರು. ಇಂಗ್ಲೆಂಡಿನ ಮುದುಕರು ಕೆಲವರು ಇಂಟರ್ನೆಟ್ಟಲ್ಲಿ ಕೂತ್ಕೊಂಡು ಈ ಕಾರಿನ ನಟ್ಟು ಬೋಲ್ಟಿನ ಬಗ್ಗೆ ಜಗಳ ಆಡ್ತಿರ್ತಾರೆ. ನಾನು ನನ್ ಮುರುಕು ಇಂಗ್ಲಿಷಲ್ಲಿ ಆ ಜಗಳಕ್ಕೆ ಸೇರ್ಕೊಂಡೆ.

ಅವರಿಂದ ಗೊತ್ತಾಯ್ತು, ಆಲ್ಡರ್ಟನ್ನೋರು ಮೊದಲು ಗಣಿಯಿಂದ ನೀರೆತ್ತೋ ಪಂಪ್ ಮಾಡ್ತಿದ್ರಂತೆ. ಪಂಪು ಸದ್ದು ಮಾಡಿದ್ರೆ ಕೆಟ್ಟಿದೆ ಅಂತ ಲೆಕ್ಕ. ಅದೇ ನಿಯತ್ತು ಕಾರಿಗೂ ತಂದ್ರು. ನಿಂತ ಕಾರಲ್ಲಿ ಇಂಜಿನ್ ಓಡ್ತಿದೆಯೋ ಇಲ್ವೋ ಅಂತ ಕೈ ಇಟ್ಟು ನೋಡ್ಬೇಕಿತ್ತಂತೆ. ಇನ್ನೊಂದು ವಿಷ್ಯ ಕೇಳಿ. ಒಂದು ಇಂಜಿನ್ನನ್ನ ಮೊದಲ ಬೋಲ್ಟಿಂದ ಕೊನೇ ಬೋಲ್ಟ್‌ವರೆಗೂ ಒಬ್ಬನೇ ಕೆಲಸಗಾರ ಜೋಡಿಸ್ತಿದ್ದ. ಎಲ್ಲಾ ಮುಗಿದು, ಓಡಿಸಿ ನೋಡಿ, ಒಪ್ಪಿಗೆ ಆದ್ಮೇಲೆ ತನ್ನ ಹೆಸರಿನ ಎರಡಕ್ಷರ ಇಂಜಿನ್ ಮೈಮೇಲೆ ಗುದ್ದುತಿದ್ದ. ಆಮೇಲೆ ಕಂಪನಿ ನಷ್ಟ ಆಗಿ ಮುಚ್ಚಿತು, ಕಾರ್ಖಾನೆ ಕೆಡವಿದ್ರು. ಉಳಿದಿದ್ದು ಹೆಸರು ಮತ್ತೆ ಕೊಕ್ಕರೆ. ಅದನ್ನ ಯಾರೋ ತಗೊಂಡು ಇನ್ಯಾರಿಗೋ ಮಾರಿದ್ರು. ಸೆಂಟ್ ಬಾಟಲಿಗೆ ಬಂದಿದ್ದು ಹಾಗೆ.

ಇದನ್ನೆಲ್ಲ ನಾನು ಉಸಿರು ಬಿಡದೆ ದೊಡ್ಡಪ್ಪಂಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರೆ ಬೋರ್‌ವೆಲ್ ಕಂಪನಿ ಅನ್ನು" ಅಂದ್ರು.

ಆ ಭಾನುವಾರನೇ ಶೆಡ್ಡಿಗೆ ಹೋಗಿ, ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆ ತಗೊಂಡು ಉಜ್ಜಿದೆ. ಬೆರಳು ದಪ್ಪ ಕೊಳೆ ಕೆಳಗೆ ಸಿಕ್ತು. ಡಬ್ಲ್ಯೂ, ಪಿ. ಎರಡೂ ಅಕ್ಷರ ಸ್ವಲ್ಪ ಸೊಟ್ಟ. ಯಾವ ಪುಣ್ಯಾತ್ಮನೋ ಏನೋ, ಸಂಜೆ ಮನೆಗೆ ಹೋಗೋ ಅವಸರದಲ್ಲಿ ಸುತ್ತಿಗೆ ಹೊಡೆದಿರ್ತಾನೆ. ನಾನು ಆ ಅಕ್ಷರದ ಮೇಲೆ ಬೆರಳಾಡಿಸ್ತಾ ತುಂಬ ಹೊತ್ತು ನಿಂತಿದ್ದೆ. ಅವನು ಮುಟ್ಟಿದ ಮೇಲೆ ಆ ಜಾಗನ ಬೇಕು ಅಂತ ಮುಟ್ಟಿದೋನು ನಾನೊಬ್ಬನೇ ಇರ್ಬೇಕು ಅನ್ನಿಸ್ತು.

ಆಮೇಲೆ ಎಲ್ಲಾ ಭಾನುವಾರ ಅಲ್ಲೇ. ತುಕ್ಕು ಹಿಡಿದ ಇಂಜಿನ್ನಿಗೆ ಬಲ ಹಾಕ್ಬಾರ್ದು, ಪ್ಲಗ್ ಬಿಚ್ಚಿ ಆ ತೂತಲ್ಲಿ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಸುರಿದು ನೆನೆಯೋಕೆ ಬಿಡು, ಕಾಯಿ ಅಂತ ಮುದುಕರು ಹೇಳಿದ್ರು. ಕಾದೆ. ನನ್ ಫ್ರೆಂಡ್ಸು "ಮಗಾ, ಈ ವಯಸ್ಸಲ್ಲಿ ಯಾರಾದ್ರೂ ಹುಡುಗಿಗೆ ಕಾಯ್ತಾರೆ ಕಣೋ, ನೀನು ಪಿಸ್ಟನ್‌ಗೆ ಕಾಯ್ತಿದೀಯಲ್ಲ" ಅಂತ ಆಡ್ಕೊಂಡ್ರು. ಒಂದಿನ ಕಾರಿನ ಮೂತಿ ಕೆಳಗಿನ ತೂತಿಗೆ ಸ್ಟಾರ್ಟ್ ಮಾಡೋ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿದೆ. ಅಲ್ಲಾಡ್ತು. ಕಾಲು ಸುತ್ತು ಅಷ್ಟೇ. ಒಳಗೆಲ್ಲೋ ಆಳದಲ್ಲಿ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ.

ತಿರುಗಿ ನೋಡಿದ್ರೆ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ರು. ಮುಖ ಒಂಥರಾ ಆಗಿತ್ತು.

"ಜೀವ ಇದೆಯೇನೋ ಇದಕ್ಕೆ?"

"ಇದೆ ದೊಡ್ಡಪ್ಪ. ಇನ್ನೊಂದ್ ವರ್ಷ ಕೊಡಿ, ಓಡಿಸ್ತೀನಿ."

ಅವರು ಹತ್ರ ಬಂದು ಮಡ್‌ಗಾರ್ಡ್ ಮೇಲೆ ಕೈ ಇಟ್ರು. ಅಷ್ಟು ವರ್ಷದಲ್ಲಿ ಅವರು ಆ ಕಾರು ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

ಕಾವ್ಯಕ್ಕನ ಮದುವೆ ಗೊತ್ತಾಗಿದ್ದು ಆಗಲೇ. "ವರಪೂಜೆ ದಿನ ದೇವಸ್ಥಾನದಿಂದ ಛತ್ರಕ್ಕೆ ಗಂಡು ಈ ಕಾರಲ್ಲೇ ಬರ್ಬೇಕು" ಅಂತ ದೊಡ್ಡಪ್ಪ ಹೇಳಿದಾಗ ಮನೆಯೋರೆಲ್ಲ ಅವರಿಗೇನೋ ಆಗಿದೆ ಅಂದ್ಕೊಂಡ್ರು. ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ಳು. ನಂಗಂತೂ ನೆಲದ ಮೇಲೆ ಕಾಲಿಲ್ಲ.

"ಇಂಜಿನ್ ಅಷ್ಟು ಬೇಗ ಆಗಲ್ಲ ದೊಡ್ಡಪ್ಪ" ಅಂದೆ.

"ನಾನು ನೋಡ್ಕೋತೀನಿ ಬಿಡೋ. ಕೆಂಗೇರಿ ಹತ್ರ ಒಳ್ಳೆ ಗ್ಯಾರೇಜಿದೆ. ನೀನು ಪತ್ರಿಕೆ ಹಂಚೋ ಕೆಲ್ಸ ಮಾಡು."

ಮದುವೆ ಪತ್ರಿಕೆ ಹಂಚೋದು ಅಂದ್ರೆ ಗೊತ್ತಲ್ಲ. ವಾಟ್ಸಾಪಲ್ಲಿ ಕಳಿಸಿದ್ರೆ ನಮ್ಮೋರು ಜನ್ಮದಲ್ಲಿ ಮದುವೆಗೆ ಬರಲ್ಲ. ಮನೆ ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಕಾಲಿಗೆ ಬಿದ್ದು, ಅವರು ಕೊಟ್ಟ ಉಪ್ಪಿಟ್ಟು ತಿಂದು, ಬೇಡ ಅಂದ್ರೂ ಕಾಫಿ ಕುಡಿದು ಬರ್ಬೇಕು. ಮಾಗಡಿ, ಕುಣಿಗಲ್, ರಾಮನಗರ ಅಂತ ನಾನೂ ನಮ್ಮಪ್ಪನೂ ಬೈಕಲ್ಲಿ ಸುತ್ತಿದ್ವಿ. ಪ್ರತಿ ಮನೆಯಲ್ಲೂ ನಾನು ಮದುವೆ ಬಗ್ಗೆ ಒಂದು ಮಾತು, ಕಾರಿನ ಬಗ್ಗೆ ಹತ್ತು ಮಾತು. ಪಂಪಿನ ಕಥೆ, ಎರಡಕ್ಷರದ ಕಥೆ, ಎಲ್ಲಾ. ಕುಣಿಗಲ್ಲಿನ ಒಬ್ರು ಅಜ್ಜ "ಗಂಡು ಏನ್ ಮಾಡ್ಕೊಂಡಿದಾನಪ್ಪ?" ಅಂತ ಕೇಳಿದಾಗ ನಂಗೆ ಉತ್ತರ ಗೊತ್ತಿರ್ಲಿಲ್ಲ.

ಪತ್ರಿಕೆ ಎಲ್ಲಾ ಮುಗಿಸಿ ಬಂದ ದಿನ ದೊಡ್ಡಪ್ಪ ನನ್ನ ಗ್ಯಾರೇಜಿಗೆ ಕರ್ಕೊಂಡು ಹೋದ್ರು. ದಾರಿ ಉದ್ದಕ್ಕೂ ನಗ್ತಾ ಇದ್ರು. ಗೇಟ್ ಹತ್ರ "ಕಣ್ಮುಚ್ಕೋ" ಅಂದ್ರು. ಮುಚ್ಕೊಂಡೆ.

ಕಣ್ಣು ತೆರೆದ್ರೆ ನೇರಳೆ ಹಣ್ಣಿನ ಬಣ್ಣದ ಏನೋ ಒಂದು ಮಿರಮಿರ ಮಿಂಚ್ತಿತ್ತು. ಸೀಟಿಗೆ ಬಿಳೀ ರೆಕ್ಸಿನ್. ಚಕ್ರದೊಳಗೆ ನೀಲಿ ಎಲ್‌ಇಡಿ. ಕೊಕ್ಕರೆಗೆ ಚಿನ್ನದ ಬಣ್ಣ ಬಳಿದಿದ್ರು. ಹೂದಾನಿ ಇದ್ದ ಜಾಗದಲ್ಲಿ ಫೋನ್ ಚಾರ್ಜರು. ಗ್ಯಾರೇಜಿನ ಅಣ್ಣ ಒಳಗೆ ಕೂತು ಕೀ ತಿರುಗಿಸಿದ. ಕೀ ಕಣ್ರೀ. ಆ ಕಾರಿಗೆ ಕೀನೇ ಇರ್ಲಿಲ್ಲ. ಗಡಗಡಗಡ ಅಂತ ಸ್ಟಾರ್ಟ್ ಆಯ್ತು. ಆ ಸದ್ದು ನಂಗೆ ಚೆನ್ನಾಗಿ ಗೊತ್ತು. ನಮ್ ಅಂಗಡಿಗೆ ದಿನಾ ಟೈಲ್ಸ್ ಹೊತ್ಕೊಂಡು ಬರೋ ಟೆಂಪೋ ಸದ್ದು.

"ಡೀಸೆಲ್ ಇಂಜಿನ್ ಕೂರಿಸಿದೀನಿ ಸಾರ್" ಅಂದ ಅಣ್ಣ. "ಪವರ್ ಸ್ಟೇರಿಂಗು. ಎಲ್ಲಿ ಬೇಕಾದ್ರೂ ಸ್ಪೇರ್ ಸಿಗುತ್ತೆ. ಊಟಿಗ್ ಹೋಗ್ಬನ್ನಿ, ಎಲ್ಲೂ ಕೈ ಕೊಡಲ್ಲ."

"ಹಳೇ ಇಂಜಿನ್ನು?"

"ಅಯ್ಯೋ, ಅದನ್ನ ಎತ್ತೋಕೇ ನಾಲ್ಕ್ ಜನ ಬೇಕಾಯ್ತು. ಗುಜರಿಯೋರು ಬಂದಿದ್ರು, ಹಾಕ್ಬಿಟ್ಟೆ."

ದೊಡ್ಡಪ್ಪ ನನ್ ಮುಖಾನೇ ನೋಡ್ತಿದ್ರು, ಹಬ್ಬಕ್ಕೆ ಬಟ್ಟೆ ತಂದುಕೊಟ್ಟು ಮಗು ಮುಖ ನೋಡೋ ಹಾಗೆ. "ಹೆಂಗಿದೆ?" ಅಂದ್ರು.

ನಾನು ಅಂಗಡಿಯಿಂದ ಅರ್ಜೆಂಟ್ ಫೋನ್ ಬಂತು ಅಂತ ಹೇಳಿ ಆಟೋ ಹತ್ತಿ ಗುಜರಿ ಅಂಗಡಿಗೆ ಓಡಿದೆ. ಗುಜರಿಯೋನು ಟೀ ಕುಡೀತಿದ್ದ. ಪಾಪ, ಒಳ್ಳೆ ಮನುಷ್ಯ. "ಇಡೀ ಇಂಜಿನ್ ಯಾರ್ ತಗೋತಾರಣ್ಣ? ಒಡೆದು ಬೀಡು ಕಬ್ಬಿಣ ಬೇರೆ, ಹಿತ್ತಾಳೆ ಬೇರೆ ಮಾಡಿ ಫೌಂಡ್ರಿಗೆ ಕಳ್ಸಿಬಿಟ್ವಿ. ಬೀಡು ಮಾತ್ರ ಏನ್ ಬೀಡು ಅಂತೀರಾ. ನಮ್ ಹುಡುಗ್ರಿಗೆ ಒಡೆಯೋಕೆ ಒಂದಿನ ಹಿಡೀತು" ಅಂದ. ಹೊಗಳ್ತಿದ್ದ ಅವನು. ಆ ಡಬ್ಲ್ಯೂ ಪಿಗೆ ನಮ್ ದೇಶದಲ್ಲಿ ಸಿಕ್ಕ ಹೊಗಳಿಕೆ ಅದೊಂದೇ.

ನಂಗೆ ಮೊದಲೇ ಗೊತ್ತಾಗ್ಬೇಕಿತ್ತು ಸ್ವಾಮಿ. ನಮ್ಮೂರ ಅಮ್ಮನ ಗುಡಿ ಜೀರ್ಣೋದ್ಧಾರ ಮಾಡಿಸಿದ್ದು ಇದೇ ದೊಡ್ಡಪ್ಪ. ಕಪ್ಪು ಕಲ್ಲಿನ ಕಂಬ, ಎಷ್ಟೋ ತಲೆಮಾರಿನ ಎಣ್ಣೆ ಕುಡಿದು ನುಣ್ಣಗಾಗಿದ್ವು. ಅದಕ್ಕೆಲ್ಲ ಹಳದಿ ಆಯಿಲ್ ಪೇಂಟ್ ಹೊಡೆಸಿ, ಗೋಡೆಗೆ ಟೈಲ್ಸ್ ಹಾಕಿಸಿದ್ರು. ಆ ಟೈಲ್ಸ್ ನಮ್ ಅಂಗಡಿದೇ, ಡಿಸ್ಕೌಂಟ್ ಕೊಡಿಸಿದ್ದು ನಾನೇ. ಅವರ ಕಣ್ಣಲ್ಲಿ ಹಳೇದನ್ನ ಹಳೇದಾಗೇ ಬಿಡೋದು ಅಂದ್ರೆ ನೋಡ್ಕೊಳ್ಳೋರಿಲ್ಲ ಅಂತ ಅರ್ಥ. ಪ್ರೀತಿ ಇದ್ರೆ ಬಣ್ಣ ಹೊಡೆಸ್ತಾರೆ. ತುಂಬ ಪ್ರೀತಿ ಇದ್ರೆ ಇಂಜಿನ್ನೇ ಬದಲಾಯಿಸ್ತಾರೆ. ದ್ವೇಷ ಮಾಡ್ತಿದ್ದಷ್ಟು ವರ್ಷ ಆ ಕಾರು ಉಳಿದಿತ್ತು. ಪ್ರೀತಿ ಹುಟ್ಟಿದ್ದೇ ತಡ, ಹೋಯ್ತು. ಆ ಪ್ರೀತಿ ಹುಟ್ಟಿಸಿದ್ದು ನನ್ನ ಕಾಲು ಸುತ್ತು.

ವರಪೂಜೆ ದಿನ ಸಂಜೆ ಮೆರವಣಿಗೆ ಆಯ್ತು. ವಾಲಗದೋರು ಮುಂದೆ, ಕಾರು ಹಿಂದೆ, ಟಾಪ್ ಮಡಚಿ ಮದುಮಗನ್ನ ಹಿಂದಿನ ಸೀಟಲ್ಲಿ ಕೂರಿಸಿದ್ರು. ಓಡಿಸಿದೋರು ದೊಡ್ಡಪ್ಪ. ಜರಿ ಪೇಟ, ಬಿಳೀ ಪಂಚೆ, ಬೆನ್ನು ನೆಟ್ಟಗೆ. ಆ ಕಾರನ್ನ ಹಿಂದಿಂದ ನೋಡಿ ಗೊತ್ತಿದ್ದ ಮನುಷ್ಯ ಮೊದಲ ಸಲ ಮುಂದೆ ಕೂತಿದ್ರು. ರಸ್ತೆ ಬದಿ ಜನ ಫೋನ್ ಎತ್ತಿ ವಿಡಿಯೋ ಮಾಡ್ತಿದ್ರು. "ಅಪ್ಪನ ಕಾರು, ನಮ್ಮಪ್ಪನ ಕಾರು" ಅಂತ ಯಾರೂ ಕೇಳದೇ ಇದ್ರೂ ಹೇಳ್ತಾ ಹೋದ್ರು. ಆ ದಿನ ಊಟದ ಪಂಕ್ತೀಲಿ ಜಮೀನಿನ ಮಾತು ಒಬ್ರೂ ಎತ್ಲಿಲ್ಲ. ಅಜ್ಜಿ ಮುಖ ನೋಡಿದ್ರೆ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ ಹೇಳಿ.

ಛತ್ರದ ಮುಂದೆ ಕಾರು ನಿಲ್ಲಿಸಿದಾಗ ಜನ ಮುತ್ಕೊಂಡ್ರು. ದೊಡ್ಡಪ್ಪ ನನ್ ಹೆಗಲ ಮೇಲೆ ಕೈ ಹಾಕಿ ಎಳ್ಕೊಂಡು, "ಇವನನ್ನ ಕೇಳಿ, ಇದರ ಚರಿತ್ರೆ ಎಲ್ಲಾ ಹೇಳ್ತಾನೆ. ಹೇಳೋ ಚೇತು, ಆ ಪಂಪಿಂದು" ಅಂದ್ರು. ಹೇಳಿದೆ. ಎರಡಕ್ಷರದ ಕಥೆನೂ ಹೇಳಿದೆ. ನಂಗೇ ಗೊತ್ತಿರ್ಲಿಲ್ಲ, ಅಷ್ಟು ಚೆನ್ನಾಗಿ ಹೇಳ್ತೀನಿ ಅಂತ.

ಗಂಡಿನ ಸೋದರಮಾವ ಒಬ್ರು, ಮೈಸೂರಿನೋರು, ಕೈ ಕಟ್ಕೊಂಡು ಕೇಳ್ತಿದ್ರು. ಕೊನೆಗೆ, "ಇಂಜಿನ್ ಒರಿಜಿನಲ್ಲೇ ಅಲ್ವೇನಪ್ಪ? ಈ ಕಾಲದಲ್ಲಿ ಅದನ್ನ ಉಳಿಸಿಕೊಂಡಿರೋರು ಎಲ್ಲಿದಾರೆ. ಬೇರೆ ಇಂಜಿನ್ ಹಾಕಿದ್ರೆ ಅದು ಡಬ್ಬ ಅಷ್ಟೇ" ಅಂದ್ರು.

ಹೆಗಲ ಮೇಲಿದ್ದ ದೊಡ್ಡಪ್ಪನ ಕೈ ಸ್ವಲ್ಪ ಬಿಗಿಯಾಯ್ತು. ಅವರ ಮುಖ ನೋಡಿದೆ. ನಗು ಹಾಗೇ ಇತ್ತು, ಆದ್ರೆ ಕಣ್ಣು ನನ್ ಕಡೆ ತಿರುಗಿತ್ತು. ಪರೀಕ್ಷೆಯಲ್ಲಿ ಪಕ್ಕದೋನ್ನ ನೋಡೋ ಹುಡುಗನ ಕಣ್ಣು.

"ಒರಿಜಿನಲ್ ಸಾರ್" ಅಂದೆ. "ಎಲ್ಲಾ ಅದೇ."

"ನಮ್ ಹುಡುಗನೇ ಜೀವ ಬರಿಸಿದ್ದು" ಅಂದ್ರು ದೊಡ್ಡಪ್ಪ. ಅಷ್ಟರಲ್ಲಿ ಯಾರೋ ಆರತಿಗೆ ಕೂಗಿದ್ರು, ಬಾನೆಟ್ ತೆಗೆಸೋ ಮಾತು ಬರ್ಲಿಲ್ಲ.

ಊಟ ಆದ್ಮೇಲೆ ಛತ್ರದ ಹಿಂದೆ ನಲ್ಲಿ ಹತ್ರ ಕೈ ತೊಳೀತಿದ್ದೆ. ದೊಡ್ಡಪ್ಪ ಬಂದು ಪಕ್ಕದ ನಲ್ಲಿ ಬಿಟ್ರು. ಪೇಟ ತೆಗೆದಿದ್ರು, ಹಣೆ ಮೇಲೆ ಅದರ ಗುರುತು ಕೆಂಪಗಿತ್ತು. ಕೈ ತೊಳೆದು ಮುಗಿದ್ರೂ ನೀರಿನ ಕೆಳಗೆ ಹಿಡ್ಕೊಂಡೇ ನಿಂತಿದ್ರು.

"ಲೋ ಚೇತು."

"ಹೇಳಿ ದೊಡ್ಡಪ್ಪ."

"ಆ ಹಳೇ ಇಂಜಿನ್ನು... ಅದು ಇರ್ಬೇಕಿತ್ತೇನೋ?"

ಈಗ ಹೇಳ್ಬಿಡೋಣ ಅಂತ ಬಾಯಿ ತನಕ ಬಂತು. ಇವರ ಮೇಲೆ ಇಷ್ಟು ದಿನ ಮನಸ್ಸಲ್ಲೇ ಕೂಗಾಡಿದ್ದೆಲ್ಲ ಒಟ್ಟಿಗೆ ಬಂತು. ಅವರು ಒದ್ದೆ ಕೈ ಹಾಗೇ ಮುಂದೆ ಹಿಡ್ಕೊಂಡು ಕಾಯ್ತಿದ್ರು.

"ಇಲ್ಲ ಬಿಡಿ. ಅದು ಪೂರ್ತಿ ಜಾಮ್ ಆಗಿತ್ತು. ಓಡ್ತಿರ್ಲಿಲ್ಲ" ಅಂದೆ.

"ನಾನೂ ಅದೇ ಅಂದ್ಕೊಂಡೆ" ಅಂದ್ರು. ಪಂಚೆಗೆ ಕೈ ಒರೆಸ್ಕೊಂಡು, ನನ್ ಬೆನ್ನಿಗೆ ಒಂದು ತಟ್ಟಿ, ಬೀಗರನ್ನ ಮಾತಾಡಿಸೋಕೆ ಹೋದ್ರು. ಎಷ್ಟು ಸಲೀಸಾಗಿ ನಂಬಿದ್ರು ಅಂತೀರಾ. ಒಂದು ಸಲ, ಒಂದೇ ಒಂದು ಸಲ "ನಿಜ ಹೇಳೋ" ಅಂತ ಕೇಳಿದ್ರೆ ಸಾಕಿತ್ತು ನಂಗೆ. ಕೇಳ್ಲಿಲ್ಲ.